ಕಾರ್ಡಿಫ್ ಬಾಗಿಲೋ, ಲಂಡನ್ ಬಾಗಿಲೋ? ವೇಲ್ಸ್‌ನಲ್ಲಿ ದೂರು ಹೊತ್ತು ಹೊರಟವರಿಗೆ

ವೇಲ್ಸ್‌ಗೆ ಬಂದು ವರ್ಷಗಳಾದ ಕನ್ನಡಿಗರೂ ಒಂದು ತಪ್ಪು ಮಾಡುತ್ತಲೇ ಇರುತ್ತಾರೆ. ವೀಸಾ ತಡವಾಯಿತೆಂದು ವೇಲ್ಸ್ ರಾಜಧಾನಿ ಕಾರ್ಡಿಫ್‌ನಲ್ಲಿರುವ ಶಾಸನಸಭೆ ಸೆನೆದ್‌ನ ಸದಸ್ಯರಿಗೆ ಬರೆಯುತ್ತಾರೆ. ಮಂಡಿ ಶಸ್ತ್ರಚಿಕಿತ್ಸೆಗೆ ತಾರೀಖು ಸಿಗಲಿಲ್ಲವೆಂದು ಲಂಡನ್ ಸಂಸತ್ತಿನಲ್ಲಿರುವ ಸಂಸದರಿಗೆ ಬರೆಯುತ್ತಾರೆ. ಎರಡೂ ಕಡೆಯಿಂದ ಬಹಳ ವಿನಯದ ಉತ್ತರ ಬರುತ್ತದೆ: ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಅಷ್ಟು ಹೊತ್ತಿಗೆ ಎರಡು ಮೂರು ವಾರ ಕೈಬಿಟ್ಟು ಹೋಗಿರುತ್ತದೆ. ಇಲ್ಲಿ ದೂರು ಎಷ್ಟು ನ್ಯಾಯವಾದದ್ದು ಎನ್ನುವುದಕ್ಕಿಂತ ಮೊದಲು ಅದನ್ನು ಯಾರ ಮುಂದೆ ಇಟ್ಟಿರಿ ಎನ್ನುವುದು ಮುಖ್ಯ.

ನಮ್ಮ ತಲೆಯಲ್ಲಿರುವ ಕೇಂದ್ರ-ರಾಜ್ಯದ ನಕ್ಷೆ ಇಲ್ಲಿ ಅರ್ಧ ಮಾತ್ರ ಹೊಂದುತ್ತದೆ. ಕರ್ನಾಟಕದಲ್ಲಿ ಪೊಲೀಸ್ ರಾಜ್ಯದ ವಿಷಯ. ವೇಲ್ಸ್‌ನಲ್ಲಿ ಪೊಲೀಸ್, ನ್ಯಾಯಾಲಯ, ಜೈಲು ಮೂರೂ ಲಂಡನ್ನಿನ ಕೈಯಲ್ಲಿವೆ. ಭಾರತದಲ್ಲಿ ಯಾವ ಪಟ್ಟಿಯಲ್ಲೂ ಇಲ್ಲದ ವಿಷಯ ಕೇಂದ್ರಕ್ಕೆ ಸೇರುತ್ತದೆ. ಇಲ್ಲಿ ಅದು ತಿರುಗುಮುರುಗು. 2017ರ ವೇಲ್ಸ್ ಕಾಯ್ದೆ ಲಂಡನ್ ಯಾವುದನ್ನು ಉಳಿಸಿಕೊಳ್ಳುತ್ತದೆ ಎಂದು ಉದ್ದದ ಪಟ್ಟಿ ಕೊಟ್ಟಿದೆ. ಆ ಪಟ್ಟಿಯಲ್ಲಿ ಇಲ್ಲದ್ದೆಲ್ಲ ಕಾರ್ಡಿಫ್‌ನ ಶಾಸನಸಭೆಯದು. ಕೇಳಲು ಇದು ಕರ್ನಾಟಕಕ್ಕಿಂತ ಉದಾರವಾಗಿದೆ. ಆದರೆ ಕರ್ನಾಟಕದ ಅಧಿಕಾರಕ್ಕೆ ಸಂವಿಧಾನದ ಬೇಲಿ ಇದೆ, ವೇಲ್ಸ್‌ನ ಅಧಿಕಾರ ಲಂಡನ್ ಸಂಸತ್ತು ಮಾಡಿದ ಕಾಯ್ದೆಯಿಂದ ಬಂದದ್ದು. ಅದೇ ಸಂಸತ್ತು ಮನಸ್ಸು ಮಾಡಿದರೆ ಯಾವ ವಿಷಯದ ಮೇಲಾದರೂ ಕಾನೂನು ಮಾಡಬಹುದು. ಸಾಮಾನ್ಯವಾಗಿ ಒಪ್ಪಿಗೆ ಕೇಳುತ್ತದೆ, ಕೇಳಲೇಬೇಕೆಂಬ ಗಟ್ಟಿ ಕಟ್ಟುಪಾಡಿಲ್ಲ.

ಇದು ಹಳೆಯ ವ್ಯವಸ್ಥೆಯೂ ಅಲ್ಲ. 1979ರ ಜನಮತದಲ್ಲಿ ವೇಲ್ಸ್ ಜನ ತಮ್ಮದೇ ಸಭೆ ಬೇಡವೆಂದು ದೊಡ್ಡ ಅಂತರದಲ್ಲಿ ಹೇಳಿದ್ದರು. 1997ರ ಸೆಪ್ಟೆಂಬರ್ 18ರಂದು ಬೇಕು ಎಂದವರು ಶೇಕಡಾ 50.3. ಅಂತರ ಬರೀ 6,721 ಮತ. 1999ರಲ್ಲಿ ಅಸೆಂಬ್ಲಿ ಶುರುವಾಯಿತು. 2011ರ ಜನಮತದ ನಂತರ ತನ್ನ ವಿಷಯಗಳಲ್ಲಿ ಪೂರ್ಣ ಕಾನೂನು ಮಾಡುವ ಅಧಿಕಾರ ಬಂತು. 2020ರ ಮೇ ತಿಂಗಳಲ್ಲಿ ಹೆಸರು ಸೆನೆದ್ ಆಯಿತು. ಬರೆಯುವಾಗ ಕೊನೆಯಲ್ಲಿ ಎರಡು 'ಡಿ' ಇದ್ದರೂ ಉಚ್ಚಾರ 'ದ್'. ವೆಲ್ಷ್ ಭಾಷೆಯ ಒಂದು ಅನುಕೂಲವೆಂದರೆ ಕನ್ನಡದ ಹಾಗೆ ಬಹುಮಟ್ಟಿಗೆ ಬರೆದಂತೆ ಓದಬಹುದು, ಅಕ್ಷರದ ಲೆಕ್ಕ ಮಾತ್ರ ತಿಳಿದಿರಬೇಕು. ಒಂದೇ 'ಎಫ್' ಇದ್ದರೆ 'ವ', ಎರಡಿದ್ದರೆ 'ಫ'. ರಸ್ತೆಯ ಮೇಲೆ ದೊಡ್ಡದಾಗಿ ಬಳಿದಿರುವ ಪದವನ್ನು 'ಅರವ್' ಎಂದು ಓದಿ: ನಿಧಾನ.

ಯಾರು ಯಾರ ಕಡೆ

ಆಸ್ಪತ್ರೆ, ಶಾಲೆ, ಮನೆ ಬಾಡಿಗೆ ಕಾನೂನು, ಬಸ್ಸು, ಹೆದ್ದಾರಿ, ಕೃಷಿ, ಪರಿಸರ, ವೆಲ್ಷ್ ಭಾಷೆ ಇವೆಲ್ಲ ಕಾರ್ಡಿಫ್. ವೀಸಾ, ಪಾಸ್‌ಪೋರ್ಟ್, ಪೊಲೀಸ್, ಕೋರ್ಟು, ಪಿಂಚಣಿ, ಯೂನಿವರ್ಸಲ್ ಕ್ರೆಡಿಟ್ ಎಂಬ ಭತ್ಯೆ, ಕೆಲಸಗಾರರ ಹಕ್ಕು, ಪ್ರಸಾರ, ರೈಲು ಹಳಿಯ ಬಹುಭಾಗ ಲಂಡನ್. ಕಸ, ಬೀದಿ ದೀಪ, ಬಡಾವಣೆ ರಸ್ತೆಯ ಹೊಂಡ, ಶಾಲಾ ಪ್ರವೇಶ, ಮನೆ ವಿಸ್ತರಣೆಯ ಪರವಾನಗಿ, ಕೌನ್ಸಿಲ್ ತೆರಿಗೆ ಇವು ನಿಮ್ಮ ಸ್ಥಳೀಯ ಕೌನ್ಸಿಲ್‌ನದು. ಇಡೀ ವೇಲ್ಸ್‌ಗೆ ಇಂಥವು 22.

ಕಟ್ಟಡ ನೋಡಿ ಮೋಸಹೋಗಬೇಡಿ. ಚಾಲನಾ ಪರವಾನಗಿ ಕೊಡುವ ಡಿವಿಎಲ್ಎ ಇರುವುದು ಸ್ವಾನ್ಸಿಯಲ್ಲಿ, ಆದರೆ ಅದು ಲಂಡನ್ ಸರ್ಕಾರದ ಸಂಸ್ಥೆ. ಭಾರತದ ಲೈಸೆನ್ಸ್ ಇಟ್ಟುಕೊಂಡು ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಓಡಿಸಬಹುದು, ಆಮೇಲೆ ಇಲ್ಲಿನ ಪರೀಕ್ಷೆ ಕಟ್ಟಲೇಬೇಕು. ಈ ನಿಯಮ ಕಷ್ಟವೆನಿಸಿದರೆ ಹೇಳಬೇಕಾದ್ದು ಸಂಸದರಿಗೆ.

ಸಂಸದರ ಸಂಖ್ಯೆ 2024ರಲ್ಲಿ 40ರಿಂದ 32ಕ್ಕೆ ಇಳಿಯಿತು. ನಿಮ್ಮ ಕ್ಷೇತ್ರಕ್ಕೆ ಒಬ್ಬರೇ ಸಂಸದರು. ಸೆನೆದ್‌ನ ಲೆಕ್ಕ ಬೇರೆ. 60 ಇದ್ದ ಸದಸ್ಯರ ಸಂಖ್ಯೆಯನ್ನು 2026ರ ಮೇ ಚುನಾವಣೆಯಿಂದ 96ಕ್ಕೆ ಏರಿಸಲಾಯಿತು: 16 ಕ್ಷೇತ್ರ, ತಲಾ ಆರು ಸದಸ್ಯರು. ಕ್ಷೇತ್ರಗಳ ಹೆಸರು ವೆಲ್ಷ್‌ನಲ್ಲಿ ಮಾತ್ರ ಇವೆ, ಹಾಗಾಗಿ ನ್ಯೂಪೋರ್ಟಿನವರು ಪಟ್ಟಿಯಲ್ಲಿ 'ಕಸ್ನೆವಿದ್' ಎಂದು ಹುಡುಕಬೇಕು, ಸ್ವಾನ್ಸಿಯ ಪಶ್ಚಿಮ ಭಾಗದವರು 'ಅಬರ್ತಾವೆ' ಎಂದು. ಆರು ಜನರಲ್ಲಿ ಯಾರಿಗೆ ಬೇಕಾದರೂ ಬರೆಯಬಹುದು, ಆದರೆ ಆರೂ ಜನಕ್ಕೆ ಒಂದೇ ಇಮೇಲ್ ಕಳಿಸಬೇಡಿ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದುಕೊಳ್ಳುತ್ತಾರೆ. ಒಬ್ಬರನ್ನು ಹಿಡಿಯಿರಿ, ವಿಳಾಸ, ಪೋಸ್ಟ್‌ಕೋಡ್, ಕಡತದ ಸಂಖ್ಯೆ, ಈವರೆಗೆ ಯಾವ ತಾರೀಖಿಗೆ ಯಾರಿಗೆ ಬರೆದಿರಿ ಎಂಬ ನಾಲ್ಕು ಸಾಲು ಕೊಡಿ. ಪೋಸ್ಟ್‌ಕೋಡ್ ಇಲ್ಲದ ಪತ್ರ ಮುಂದೆ ಹೋಗುವುದೇ ಇಲ್ಲ.

ಸಂಬಳದ ಚೀಟಿಯ 'ಸಿ' ಅಕ್ಷರ

ವೇಲ್ಸ್‌ನಲ್ಲಿ ವಾಸಿಸುವವರ ಸಂಬಳದ ಚೀಟಿಯಲ್ಲಿ ತೆರಿಗೆ ಕೋಡ್ 'ಸಿ'ಯಿಂದ ಶುರುವಾಗಬೇಕು, ಸಾಮಾನ್ಯವಾಗಿ 'ಸಿ1257ಎಲ್'. ಸಿ ಎಂದರೆ ಕುಮ್ರಿ, ವೇಲ್ಸ್‌ನ ಸ್ವಂತ ಹೆಸರು. 2019ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ಪ್ರತಿ ಹಂತದಲ್ಲೂ ಲಂಡನ್ ಪೌಂಡಿಗೆ 10 ಪೆನ್ಸ್ ಬಿಟ್ಟುಕೊಡುತ್ತದೆ, ಆ ಜಾಗದಲ್ಲಿ ಕಾರ್ಡಿಫ್ ತನ್ನ ದರ ಹಾಕುತ್ತದೆ. ಈವರೆಗೆ ಅದೂ 10 ಪೆನ್ಸೇ ಆಗಿರುವುದರಿಂದ ನಿಮ್ಮ ಜೇಬಿಗೆ ವ್ಯತ್ಯಾಸವಿಲ್ಲ. ಹಣ ಯಾರ ಖಜಾನೆಗೆ ಹೋಗುತ್ತದೆ ಎಂಬುದು ಮಾತ್ರ ಬೇರೆ. ನ್ಯೂಪೋರ್ಟಿನಲ್ಲಿ ಮನೆ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕೆಲಸವಾದರೂ 'ಸಿ' ಇರಬೇಕು. ಕೆಲಸದ ಜಾಗ ಲೆಕ್ಕಕ್ಕಿಲ್ಲ, ಮುಖ್ಯ ಮನೆ ಲೆಕ್ಕ. ಅಕ್ಷರ ತಪ್ಪಿದ್ದರೆ ಕಂಪನಿಯ ಎಚ್‌ಆರ್ ಜೊತೆ ಜಗಳವಾಡಿ ಪ್ರಯೋಜನವಿಲ್ಲ, ಅವರು ಬದಲಿಸುವಂತಿಲ್ಲ. ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯ ಆನ್‌ಲೈನ್ ಖಾತೆಯಲ್ಲಿ ನೀವೇ ವಿಳಾಸ ತಿದ್ದಬೇಕು.

ಕೌನ್ಸಿಲ್ ತೆರಿಗೆಯ ಬಿಲ್ಲನ್ನು ಒಮ್ಮೆ ಬಿಡಿಸಿ ನೋಡಿ. ಮೇಲೆ ಒಂದೇ ದೊಡ್ಡ ಮೊತ್ತ, ಕೆಳಗೆ ಅದರ ಪಾಲು: ಕೌನ್ಸಿಲ್‌ಗೆ ಇಷ್ಟು, ಪೊಲೀಸಿಗೆ ಇಷ್ಟು, ಕೆಲವು ಊರುಗಳಲ್ಲಿ ಪಂಚಾಯಿತಿಯಂಥ ಸಮುದಾಯ ಕೌನ್ಸಿಲ್‌ಗೆ ಇಷ್ಟು. ಬಿಲ್ ಏರಿದ್ದಕ್ಕೆ ಕೌನ್ಸಿಲ್ಲನ್ನು ಬೈಯುವ ಮೊದಲು ಏರಿದ್ದು ಯಾವ ಸಾಲು ಎಂದು ನೋಡಬೇಕು. ಇಲ್ಲಿ ಮನೆ ಬೆಲೆಯ ದರ್ಜೆ ಎ-ಯಿಂದ ಐ-ವರೆಗೆ ಒಂಬತ್ತು ಬ್ಯಾಂಡ್, ಲೆಕ್ಕ 2003ರ ಮನೆ ಬೆಲೆಯದು. ಇಂಗ್ಲೆಂಡ್‌ನಲ್ಲಿ ಎಂಟೇ ಬ್ಯಾಂಡ್, ಅದೂ 1991ರ ಬೆಲೆಗೆ. ಹಾಗಾಗಿ ರೆಡಿಂಗ್‌ನ ನೆಂಟರು "ನಮ್ಮದು ಬರೀ ಸಿ, ನಿಮ್ಮದು ಯಾಕೆ ಇ?" ಎಂದರೆ ಆ ಹೋಲಿಕೆಗೆ ಅರ್ಥವಿಲ್ಲ. ಒಬ್ಬರೇ ವಯಸ್ಕರಿದ್ದರೆ ಶೇಕಡಾ 25 ಕಡಿತ, ಮನೆಯಲ್ಲಿ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಪೂರ್ತಿ ಮಾಫಿ. ಎರಡೂ ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ವಿದ್ಯಾರ್ಥಿಗಳ ಮನೆಗೆ ಕೆಲಸ ಸಿಕ್ಕ ಒಬ್ಬ ಸ್ನೇಹಿತ ಬಂದು ಸೇರಿದ ದಿನದಿಂದ ಮಾಫಿ ಹೋಗುತ್ತದೆ. ಈ ಕಾರಣಕ್ಕೆ ಮುರಿದುಬಿದ್ದ ಸ್ನೇಹಗಳು ಕಡಿಮೆಯಲ್ಲ. ಹತ್ತು ಕಂತು ಭಾರವೆನಿಸಿದರೆ ಹನ್ನೆರಡು ಕೇಳಿ, ಕೊಡುತ್ತಾರೆ.

ಬೀದಿ ದೀಪ ಕಂಡರೆ 20

ಈ ನಾಡಿನಲ್ಲಿ ಯಾರನ್ನು ಮಾತಿಗೆಳೆದರೂ ಕೊನೆಗೆ ಬರುವ ವಿಷಯ ಇದು. 2023ರ ಸೆಪ್ಟೆಂಬರ್ 17ರಿಂದ ವಸತಿ ಪ್ರದೇಶದ ಸಾಮಾನ್ಯ ವೇಗಮಿತಿ ಗಂಟೆಗೆ 30 ಮೈಲಿಯಿಂದ 20ಕ್ಕೆ ಇಳಿಯಿತು. ಇದರ ವಿರುದ್ಧ ಸೆನೆದ್‌ಗೆ ಬಂದ ಅರ್ಜಿಗೆ 4.69 ಲಕ್ಷ ಸಹಿ ಬಿತ್ತು. ವೇಲ್ಸ್‌ನ ಜನಸಂಖ್ಯೆಯೇ ಸುಮಾರು 31 ಲಕ್ಷ.

ಹೊಸಬರು ಎಡವುವುದು ಹೀಗೆ. ದೀಪದ ಕಂಬಗಳ ನಡುವೆ 200 ಗಜಕ್ಕಿಂತ ಹೆಚ್ಚು ದೂರವಿಲ್ಲದಿದ್ದರೆ, ಬೇರೆ ಫಲಕ ಇಲ್ಲದಿದ್ದರೆ, ಅದು 20ರ ರಸ್ತೆ. ಪ್ರದೇಶ ಶುರುವಾಗುವಲ್ಲಿ ಒಂದು ಫಲಕ, ಮುಂದೆ ನೆನಪಿಸುವ ಪುಟ್ಟ ಫಲಕಗಳಿರುವುದಿಲ್ಲ. ನೆನಪಿಸುವ ಫಲಕ ಇರುವುದು 30 ಉಳಿಸಿಕೊಂಡ ರಸ್ತೆಗಳಲ್ಲಿ. ಇಂಗ್ಲೆಂಡ್‌ನಲ್ಲಿ ಇದೇ ದೀಪದ ಕಂಬಕ್ಕೆ 30 ಎಂದು ಅರ್ಥ. ಅಲ್ಲಿಂದ ಸೆವರ್ನ್ ಸೇತುವೆ ದಾಟಿ ವೇಲ್ಸ್‌ಗೆ ಬಂದವರ ಕಾಲು ಹಳೆಯ ಅಭ್ಯಾಸದಲ್ಲೇ ಇರುತ್ತದೆ, ಹಳೆಯ ಜಿಪಿಎಸ್ ಅದಕ್ಕೆ ತಾಳ ಹಾಕುತ್ತದೆ. ಸಿಕ್ಕಿಬಿದ್ದರೆ ಕನಿಷ್ಠ 100 ಪೌಂಡ್ ದಂಡ, ಲೈಸೆನ್ಸ್ ಮೇಲೆ ಮೂರು ಪಾಯಿಂಟ್. ಮೀರಿದ್ದು ಸ್ವಲ್ಪವಾದರೆ ಅದರ ಬದಲು ತರಬೇತಿ ತರಗತಿಯ ಅವಕಾಶ ಸಿಗಬಹುದು.

ಈಗ ಬಾಗಿಲುಗಳನ್ನು ಎಣಿಸಿ. 20 ಎಂದು ಗೊತ್ತುಮಾಡಿದ್ದು ಸೆನೆದ್. ನಿಮ್ಮ ರಸ್ತೆಗೆ ವಿನಾಯಿತಿ ಕೊಡಬೇಕಾದ್ದು ಕೌನ್ಸಿಲ್, ಅದು ರಾಷ್ಟ್ರೀಯ ಹೆದ್ದಾರಿಯಾದರೆ ವೇಲ್ಸ್ ಸರ್ಕಾರ. ಹಿಡಿಯುವ ಪೊಲೀಸ್ ಲಂಡನ್ ವ್ಯಾಪ್ತಿ. ಪಾಯಿಂಟ್ ದಾಖಲಿಸುವುದು ಡಿವಿಎಲ್ಎ. ದಂಡದ ವಿರುದ್ಧ ಸೆನೆದ್ ಸದಸ್ಯರು ಏನೂ ಮಾಡಲಾರರು. ರಸ್ತೆಯನ್ನು 30ಕ್ಕೆ ಮರಳಿಸಬೇಕೆಂದರೆ ಕೌನ್ಸಿಲ್‌ನ ಹೆದ್ದಾರಿ ವಿಭಾಗಕ್ಕೆ ಬರೆಯಿರಿ: ಯಾವ ತಿರುವಿನಿಂದ ಯಾವ ತಿರುವಿನವರೆಗೆ, ರಸ್ತೆಗೆ ಮುಖ ಮಾಡಿದ ಮನೆಗಳೆಷ್ಟು, ಶಾಲೆ ಅಥವಾ ದಾಟುವ ಜಾಗ ಇದೆಯೇ, ಕಾಲುದಾರಿ ಇದೆಯೇ. 'ಎಲ್ಲರಿಗೂ ತೊಂದರೆ' ಎಂಬ ಪತ್ರಕ್ಕೆ ಬೆಲೆಯಿಲ್ಲ. ಕೌನ್ಸಿಲ್ ಒಪ್ಪಿದರೂ ಸಂಚಾರ ಆದೇಶದ ಪ್ರಕಟಣೆ ಹೊರಡಿಸಿ ಕನಿಷ್ಠ 21 ದಿನ ಆಕ್ಷೇಪಣೆಗೆ ಬಿಡಬೇಕು, ಆದ್ದರಿಂದ ತಿಂಗಳುಗಳ ಲೆಕ್ಕ ಇಟ್ಟುಕೊಳ್ಳಿ.

ಆಸ್ಪತ್ರೆ: ಇಂಗ್ಲೆಂಡಿನ ಸಲಹೆ ಇಲ್ಲಿ ನಡೆಯದು

ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಕಟ್ಟಿದ ಅನೈರಿನ್ ಬೆವನ್ ಇಲ್ಲಿನ ಟ್ರೆಡೀಗರ್ ಊರಿನವರು ಎಂದು ವೇಲ್ಸ್ ಜನ ಹೆಮ್ಮೆಯಿಂದ ಹೇಳುತ್ತಾರೆ, ಮರುಕ್ಷಣವೇ ಸರದಿಯ ಉದ್ದಕ್ಕೆ ಗೊಣಗುತ್ತಾರೆ. ಎರಡೂ ಸತ್ಯ. ಲಂಡನ್ ಕನ್ನಡಿಗರ ವಾಟ್ಸಾಪ್ ಗುಂಪಿನ ಆರೋಗ್ಯ ಸಲಹೆಗಳನ್ನು ಮಾತ್ರ ಇಲ್ಲಿ ಜರಡಿ ಹಿಡಿಯಬೇಕು. ಅಲ್ಲಿ ರೋಗಿಗೆ ಆಸ್ಪತ್ರೆ ಆರಿಸಿಕೊಳ್ಳುವ ಹಕ್ಕಿದೆ; ಗಮನ ನಿಲ್ಲದ ತೊಂದರೆಯಾದ ಎಡಿಎಚ್‌ಡಿಯ ತಪಾಸಣೆಗೆ ಆ ದಾರಿ ಹಿಡಿದವರು ಅನೇಕರು. ವೇಲ್ಸ್‌ನಲ್ಲಿ ಆ ಹಕ್ಕು ಇಲ್ಲ. ನಿಮ್ಮ ಪ್ರದೇಶದ ಆರೋಗ್ಯ ಮಂಡಳಿ ಎಲ್ಲಿಗೆ ಕಳಿಸುತ್ತದೋ ಅಲ್ಲಿಗೆ ಹೋಗಬೇಕು. ಇಂಥ ಮಂಡಳಿಗಳು ಏಳು. ಆಪ್ ಕೂಡ ಬೇರೆ: ಎನ್‌ಎಚ್‌ಎಸ್ ವೇಲ್ಸ್ ಆಪ್ ಇಳಿಸಿಕೊಳ್ಳಿ. ಕಾಯುವ ಗುರಿಯೂ ಬೇರೆ. ಇಂಗ್ಲೆಂಡ್‌ನಲ್ಲಿ 18 ವಾರ, ಇಲ್ಲಿ 26. ಗುರಿ ಎನ್ನುವುದು ಗುರಿಯೇ, ಭರವಸೆಯಲ್ಲ.

2007ರಿಂದ ಔಷಧಿ ಚೀಟಿ ಉಚಿತ. ಆದರೆ ಕಾರ್ಡಿಫ್ ವೈದ್ಯರ ಚೀಟಿಯನ್ನು ಬ್ರಿಸ್ಟಲ್‌ನ ಅಂಗಡಿಯಲ್ಲಿ ಕೊಟ್ಟರೆ ಒಂದೊಂದು ಔಷಧಿಗೂ ಇಂಗ್ಲೆಂಡಿನ ದರ ಕಟ್ಟಬೇಕು, ಹತ್ತು ಪೌಂಡಿನ ಆಸುಪಾಸು. ಸೇತುವೆ ದಾಟುವ ಮೊದಲೇ ಔಷಧಿ ಕಟ್ಟಿಸಿಕೊಳ್ಳಿ. ದಂತವೈದ್ಯರಿಗೆ ಒಂದೊಂದು ಕ್ಲಿನಿಕ್ಕಿಗೂ ಫೋನ್ ಮಾಡುತ್ತಾ ಕೂರಬೇಡಿ. ಇಡೀ ವೇಲ್ಸ್‌ಗೆ ಒಂದೇ ಆನ್‌ಲೈನ್ ಸರದಿ ಇದೆ, ಅದರಲ್ಲಿ ಹೆಸರು ಬರೆಸಿ.

ಸರದಿಯಲ್ಲಿದ್ದಾಗ ನಮ್ಮವರು ಮಾಡಿಕೊಳ್ಳುವ ದೊಡ್ಡ ಎಡವಟ್ಟು ಊರಿಗೆ ಹೋಗುವುದು. ಎರಡು ತಿಂಗಳು ಹುಬ್ಬಳ್ಳಿಯಲ್ಲಿರುವಾಗ ಇಲ್ಲಿನ ಮನೆಗೆ ಪತ್ರ ಬರುತ್ತದೆ, ತೆರೆಯುವವರಿಲ್ಲ, ತಾರೀಖು ದಾಟುತ್ತದೆ, ಹೆಸರು ಪಟ್ಟಿಯಿಂದ ಹೋಗಬಹುದು. ಹೊರಡುವ ಮೊದಲು ವಿಭಾಗದ ಬುಕಿಂಗ್ ಕಚೇರಿಗೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಸಿಗುವುದಿಲ್ಲ ಎಂದು ಬರಹದಲ್ಲಿ ತಿಳಿಸಿ. ಒಂದು ಮಂಡಳಿಯಿಂದ ಇನ್ನೊಂದರ ವ್ಯಾಪ್ತಿಗೆ ಮನೆ ಬದಲಿಸಿದರೂ ಹಳೆಯ ಸರದಿ ತಾನಾಗಿ ಹಿಂದೆ ಬರುವುದಿಲ್ಲ. ಹೊಸ ಊರಿನ ಕುಟುಂಬ ವೈದ್ಯರನ್ನು (ಜಿಪಿ) ಮೊದಲ ವಾರದಲ್ಲೇ ಕೇಳಿ.

ದೂರು ಇದ್ದರೆ ಮೊದಲು ಆರೋಗ್ಯ ಮಂಡಳಿಯ ದೂರು ವಿಭಾಗಕ್ಕೆ, ಸಾಮಾನ್ಯವಾಗಿ ಘಟನೆಯಿಂದ 12 ತಿಂಗಳೊಳಗೆ. ಬರೆಯಲು ಕೈ ಓಡದಿದ್ದರೆ 'ಲೈಸ್' ಎಂಬ ಸಂಸ್ಥೆಯವರು ಉಚಿತವಾಗಿ ಜೊತೆಗೆ ನಿಲ್ಲುತ್ತಾರೆ. ಹೆಸರಿನ ಅರ್ಥ ದನಿ. ಅದರ ಮೊದಲ ಅಕ್ಷರದ ಸರಿಯಾದ ಉಚ್ಚಾರಕ್ಕೆ ಕನ್ನಡದಲ್ಲಿ ಲಿಪಿಯಿಲ್ಲ. ಉತ್ತರ ಸಮಾಧಾನ ಕೊಡದಿದ್ದರೆ ವೇಲ್ಸ್‌ನ ಸಾರ್ವಜನಿಕ ಸೇವೆಗಳ ಓಂಬುಡ್ಸ್‌ಮನ್, ಅಂದರೆ ಸರ್ಕಾರಿ ಸಂಸ್ಥೆಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ. ಇದೇ ಓಂಬುಡ್ಸ್‌ಮನ್ ಕೌನ್ಸಿಲ್ ದೂರುಗಳಿಗೂ ಕೊನೆಯ ಮೆಟ್ಟಿಲು. ಕೌನ್ಸಿಲ್‌ಗೆ ಮೊದಲ ಹಂತದಲ್ಲಿ 10 ಕೆಲಸದ ದಿನ, ಎರಡನೆಯ ಹಂತದಲ್ಲಿ 20 ಕೆಲಸದ ದಿನ ಕೊಡಬೇಕು. ಈ ಎರಡು ಮೆಟ್ಟಿಲು ಹಾರಿ ನೇರ ಓಂಬುಡ್ಸ್‌ಮನ್ ಬಳಿ ಹೋದರೆ ವಾಪಸು ಕಳಿಸುತ್ತಾರೆ. ವೀಸಾ ಇಲಾಖೆ ಅಥವಾ ತೆರಿಗೆ ಇಲಾಖೆಯ ಮೇಲಿನ ದೂರಾದರೆ ಇವರ ಬಳಿ ಹೋಗಲೇಬೇಡಿ. ಅದಕ್ಕೆ ಲಂಡನ್‌ನ ಸಂಸದೀಯ ಓಂಬುಡ್ಸ್‌ಮನ್ ಬೇರೆ, ಅಲ್ಲಿಗೆ ನಿಮ್ಮ ಸಂಸದರ ಮೂಲಕವೇ ಹೋಗಬೇಕು.

ಬಾಡಿಗೆ ಮನೆ, ಸ್ವಂತ ಮನೆ

2022ರ ಡಿಸೆಂಬರ್ 1ರಿಂದ ಇಲ್ಲಿನ ಬಾಡಿಗೆ ಕಾನೂನು ಇಂಗ್ಲೆಂಡಿನದ್ದಕ್ಕಿಂತ ಪೂರ್ತಿ ಬೇರೆ. ಬಾಡಿಗೆದಾರರನ್ನು 'ಒಪ್ಪಂದದಾರ' ಎನ್ನುತ್ತಾರೆ. ಮನೆಗೆ ಬಂದ 14 ದಿನಗಳೊಳಗೆ ಮಾಲೀಕರು ಲಿಖಿತ ಒಪ್ಪಂದ ಕೊಡಬೇಕು. ತಡವಾದ ಒಂದೊಂದು ದಿನಕ್ಕೂ ಒಂದು ದಿನದ ಬಾಡಿಗೆಯಂತೆ ಪರಿಹಾರ ಕೇಳಬಹುದು, ಎರಡು ತಿಂಗಳ ಮಿತಿಯವರೆಗೆ. ತಪ್ಪಿಲ್ಲದ ಬಾಡಿಗೆದಾರರನ್ನು ಬಿಡಿಸಲು ಆರು ತಿಂಗಳ ನೋಟಿಸ್ ಬೇಕು, ಅದನ್ನು ಮೊದಲ ಆರು ತಿಂಗಳಲ್ಲಿ ಕೊಡುವಂತೆಯೇ ಇಲ್ಲ. ಬಾಡಿಗೆ ಏರಿಸಲು ಎರಡು ತಿಂಗಳ ನೋಟಿಸ್, ಅದೂ ವರ್ಷಕ್ಕೊಮ್ಮೆ. ಮಾಲೀಕರು 'ರೆಂಟ್ ಸ್ಮಾರ್ಟ್ ವೇಲ್ಸ್'ನಲ್ಲಿ ನೋಂದಾಯಿಸಿರಲೇಬೇಕು. ವಿಳಾಸ ಹಾಕಿ ಆನ್‌ಲೈನ್‌ನಲ್ಲಿ ನೀವೇ ನೋಡಬಹುದು, ಮುಂಗಡ ಕಟ್ಟುವ ಮೊದಲೇ ನೋಡಿ. ಮನೆ ಕಾದಿರಿಸಲು ಒಂದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ.

ಇಂಗ್ಲೆಂಡಿನಲ್ಲಿ ಮಾಲೀಕರು ಬಾಡಿಗೆದಾರರ ವೀಸಾ ತಪಾಸಣೆ ಮಾಡಲೇಬೇಕು. ಆ ಕಾನೂನು ವೇಲ್ಸ್‌ನಲ್ಲಿ ಜಾರಿಯಲ್ಲಿಲ್ಲ. ಗುರುತಿನ ಚೀಟಿ ಕೇಳುವುದು ತಪ್ಪಲ್ಲ. ಆದರೆ 'ಕಾನೂನಿನ ಪ್ರಕಾರ ಶೇರ್ ಕೋಡ್ (ವೀಸಾ ಸ್ಥಿತಿ ತೋರಿಸುವ ಆನ್‌ಲೈನ್ ಸಂಕೇತ) ಕೊಡಲೇಬೇಕು' ಎನ್ನುವ ಏಜೆಂಟರು ಇಂಗ್ಲೆಂಡಿನ ಫಾರಂ ಹಿಡಿದು ಕೂತಿದ್ದಾರೆ ಎಂದೇ ಅರ್ಥ. ಏನೇ ಜಗಳವಿರಲಿ, ಬಾಡಿಗೆ ಮಾತ್ರ ನಿಲ್ಲಿಸಬೇಡಿ. ಎರಡು ತಿಂಗಳ ಬಾಕಿ ಬಿದ್ದರೆ ಆರು ತಿಂಗಳ ರಕ್ಷಣೆ ಹೋಗಿ ನೋಟಿಸ್ 14 ದಿನಕ್ಕೆ ಇಳಿಯುತ್ತದೆ. ಮೊದಲು ವಸತಿ ಸಲಹೆ ಕೊಡುವ ಸೇವಾಸಂಸ್ಥೆ ಶೆಲ್ಟರ್ ಕುಮ್ರಿಗೆ ಫೋನ್ ಮಾಡಿ.

ಮನೆ ಕೊಳ್ಳುವವರಿಗೆ ಇಲ್ಲಿ ಸ್ಟಾಂಪ್ ಡ್ಯೂಟಿ ಇಲ್ಲ, 2018ರಿಂದ ಭೂ ವ್ಯವಹಾರ ತೆರಿಗೆ ಇದೆ. 3 ಲಕ್ಷ ಪೌಂಡಿನ ಮನೆ ಎಂದಿಟ್ಟುಕೊಳ್ಳಿ. ಮೊದಲ 2,25,000ಕ್ಕೆ ತೆರಿಗೆಯಿಲ್ಲ, ಉಳಿದ 75,000ಕ್ಕೆ ಶೇಕಡಾ 6, ಒಟ್ಟು 4,500 ಪೌಂಡ್. ಮೊದಲ ಮನೆ ಕೊಳ್ಳುವವರಿಗೆ ಇಂಗ್ಲೆಂಡಿನಲ್ಲಿ ಸಿಗುವ ರಿಯಾಯಿತಿ ಇಲ್ಲಿಲ್ಲ. ನಮ್ಮವರಿಗೆ ನಿಜವಾದ ಹೊಡೆತ ಬೀಳುವುದು ಇನ್ನೊಂದು ಕಡೆ. ನಿಮ್ಮ ಅಥವಾ ಜೊತೆಗಿರುವ ಸಂಗಾತಿಯ ಹೆಸರಿನಲ್ಲಿ ಜಗತ್ತಿನಲ್ಲೆಲ್ಲೇ 40,000 ಪೌಂಡ್ ಅಥವಾ ಹೆಚ್ಚಿನ ಬೆಲೆಯ ಮನೆ ಇದ್ದರೆ ಹೆಚ್ಚುವರಿ ದರ. ವೈಟ್‌ಫೀಲ್ಡ್‌ನ ಫ್ಲ್ಯಾಟ್ ಅದರೊಳಗೆ ಬರುತ್ತದೆ. 2024ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ದರದಲ್ಲಿ ಅದೇ ಮನೆಗೆ ಮೊದಲ 1,80,000ಕ್ಕೆ ಶೇಕಡಾ 5, ಮುಂದಿನ 70,000ಕ್ಕೆ 8.5, ಕೊನೆಯ 50,000ಕ್ಕೆ 10. ಕೂಡಿದರೆ 19,950 ಪೌಂಡ್. ವಕೀಲರು 'ಬೇರೆ ಮನೆ ಇದೆಯೇ' ಎಂದು ಕೇಳಿದಾಗ ಇಲ್ಲಿಯ ಮನೆಯನ್ನಷ್ಟೇ ನೆನೆದು 'ಇಲ್ಲ' ಎಂದು ಬರೆಯಬೇಡಿ. ಅಪ್ಪನಿಂದ ಬಂದ ಪಾಲನ್ನೂ ಹೇಳಿ, ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅವರೇ ನೋಡಲಿ.

ಶಾಲೆಯ ವಿಷಯ ಚುಟುಕಾಗಿ: ಇಂಗ್ಲೆಂಡಿನ ಹಾಗೆ ಪರೀಕ್ಷೆಯಿಂದ ಪ್ರವೇಶ ಕೊಡುವ ಗ್ರಾಮರ್ ಶಾಲೆ, ಕೌನ್ಸಿಲ್ ಹಿಡಿತದಲ್ಲಿಲ್ಲದ ಅಕಾಡೆಮಿ, 11ರ ವಯಸ್ಸಿನ ಪ್ರವೇಶ ಪರೀಕ್ಷೆಯಾದ 11 ಪ್ಲಸ್ ಯಾವುದೂ ಇಲ್ಲ. 16 ವರ್ಷದವರೆಗೆ ವೆಲ್ಷ್ ಕಡ್ಡಾಯ, ಪ್ರಾಥಮಿಕ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಉಚಿತ ಊಟ. ಇಂಗ್ಲೆಂಡಿನಲ್ಲಿ ದುಡಿಯುವ ತಂದೆತಾಯಿಗೆ ಒಂಬತ್ತು ತಿಂಗಳ ಮಗುವಿನಿಂದಲೇ ವಾರಕ್ಕೆ 30 ಗಂಟೆ ಶಿಶುಪಾಲನೆ ಸಿಗುತ್ತದೆ, ವೇಲ್ಸ್‌ನ 30 ಗಂಟೆ ಮೂರು ಮತ್ತು ನಾಲ್ಕು ವರ್ಷದವರಿಗೆ. ಕೆಲಸಕ್ಕೆ ಮರಳುವ ತಾಯಂದಿರ ಸಿಟ್ಟು ಇಲ್ಲಿ ನ್ಯಾಯವಾದದ್ದೇ. ಈ ದೂರು ಸೆನೆದ್‌ಗೆ.

ನೆರೆಯವರ ಮುನಿಸು ಎಲ್ಲಿಂದ ಬಂತು

ಇಲ್ಲಿನವರ ಜೊತೆ ರಾಜಕೀಯ ಮಾತಾಡುವ ಮೊದಲು ಎರಡು ಸಂಗತಿ ತಿಳಿದಿರಲಿ. ಒಂದು, ಟ್ರವೆರಿನ್ ಕಣಿವೆ. ಲಿವರ್‌ಪೂಲ್ ನಗರಕ್ಕೆ ನೀರೊದಗಿಸಲು ವೆಲ್ಷ್ ಮಾತಾಡುವ ಕಾಪೆಲ್ ಕೆಲಿನ್ ಹಳ್ಳಿಯನ್ನು 1965ರಲ್ಲಿ ಮುಳುಗಿಸಿದರು. ಅದಕ್ಕೆ 1957ರಲ್ಲಿ ಕಾಯ್ದೆ ಮಾಡಿದಾಗ ವೇಲ್ಸ್‌ನ ಒಬ್ಬ ಸಂಸದನೂ ಪರವಾಗಿ ಮತ ಹಾಕಿರಲಿಲ್ಲ. ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿದ್ದು 2005ರಲ್ಲಿ. ಗೋಡೆಗಳ ಮೇಲೆ 'ಕೋವ್ಯುಕ್ ದ್ರವೆರಿನ್' ಎಂದು ಕಂಡರೆ, ಟ್ರವೆರಿನ್ ನೆನಪಿರಲಿ ಎಂದರ್ಥ. ಲಿಂಗನಮಕ್ಕಿಯಲ್ಲಿ ಊರು ಕಳೆದುಕೊಂಡವರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡು, ರೈಲು. ಎಚ್‌ಎಸ್2 ಎಂಬ ಅತಿವೇಗದ ರೈಲು ಮಾರ್ಗದ ಒಂದು ಮೈಲಿ ಹಳಿಯೂ ವೇಲ್ಸ್‌ನಲ್ಲಿಲ್ಲ, ಆದರೂ ಕಾಗದದಲ್ಲಿ ಅದು 'ಇಂಗ್ಲೆಂಡ್ ಮತ್ತು ವೇಲ್ಸ್' ಯೋಜನೆ. ಹಾಗಾಗಿ ಜನಸಂಖ್ಯೆಯ ಆಧಾರದಲ್ಲಿ ಹಣ ಹಂಚುವ ಬಾರ್ನೆಟ್ ಸೂತ್ರದಂತೆ ಸ್ಕಾಟ್ಲೆಂಡಿಗೂ ಉತ್ತರ ಐರ್ಲೆಂಡಿಗೂ ಸಿಗುವ ಪಾಲು ವೇಲ್ಸ್‌ಗಿಲ್ಲ. ಇತ್ತ ಕಾರ್ಡಿಫ್‌ನಿಂದ ಉತ್ತರದ ಬ್ಯಾಂಗರ್‌ಗೆ ರೈಲಿನಲ್ಲಿ ಹೋಗಬೇಕೆಂದರೆ ಇಂಗ್ಲೆಂಡಿನ ಶ್ರೂಸ್‌ಬರಿ ಸುತ್ತಿ ಹೋಗಬೇಕು. ಉತ್ತರದವರ ಸಿಟ್ಟು ಲಂಡನ್ ಮೇಲಷ್ಟೇ ಅಲ್ಲ, 'ಎಲ್ಲ ಕಾರ್ಡಿಫ್‌ಗೇ' ಎಂಬ ಮಾತು ಅಲ್ಲಿ ಮನೆಮಾತು. ಕಲಬುರಗಿಯವರಿಗೆ ಈ ದನಿ ಪರಿಚಿತ.

ಭಾಷೆಯ ವಿಷಯದಲ್ಲಿ ಸರ್ಕಾರಿ ಕಚೇರಿ ವೆಲ್ಷ್ ಪತ್ರಕ್ಕೆ ಇಂಗ್ಲಿಷಿಗಿಂತ ತಡವಾಗಿ ಉತ್ತರಿಸುವಂತಿಲ್ಲ. ಫಲಕಗಳು ಎರಡೂ ಭಾಷೆಯಲ್ಲಿರಬೇಕು. 2008ರಲ್ಲಿ ಸ್ವಾನ್ಸಿಯಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ ಎಂಬ ಫಲಕದ ಅನುವಾದಕ್ಕೆ ಇಮೇಲ್ ಹೋಯಿತು. ವಾಪಸು ಬಂದ ವೆಲ್ಷ್ ಸಾಲುಗಳನ್ನು ಹಾಗೆಯೇ ಅಚ್ಚು ಹಾಕಿಸಿ ರಸ್ತೆಯಲ್ಲಿ ನಿಲ್ಲಿಸಿದರು. ಅದರಲ್ಲಿದ್ದದ್ದು: ನಾನು ಸದ್ಯ ಕಚೇರಿಯಲ್ಲಿಲ್ಲ, ಅನುವಾದದ ಕೆಲಸವಿದ್ದರೆ ಕಳಿಸಿ. ಬೆಂಗಳೂರಿನ ಕನ್ನಡ ಫಲಕಗಳನ್ನು ಓದಿ ನಕ್ಕವರು ಇಲ್ಲೂ ನಗಬಹುದು.

ಮತ ನಿಮಗೂ ಇದೆ

ಭಾರತದ ಪಾಸ್‌ಪೋರ್ಟ್ ಇದ್ದವರು ಕಾಮನ್‌ವೆಲ್ತ್ ನಾಗರಿಕರು. ವಿದ್ಯಾರ್ಥಿ ವೀಸಾದಲ್ಲಿದ್ದರೂ ಲಂಡನ್ ಸಂಸತ್ತು, ಸೆನೆದ್, ಕೌನ್ಸಿಲ್ ಮೂರಕ್ಕೂ ಮತ ಹಾಕಬಹುದು. ಪೌರತ್ವ ಬರುವವರೆಗೆ ಕಾಯಬೇಕೆಂದು ಹತ್ತು ವರ್ಷ ಸುಮ್ಮನಿದ್ದವರಿದ್ದಾರೆ. ಗವ್ ಡಾಟ್ ಯುಕೆ ತಾಣದಲ್ಲಿ ಐದು ನಿಮಿಷದ ನೋಂದಣಿ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೈಯಲ್ಲಿರಲಿ, ಚುನಾವಣೆಗೆ 12 ಕೆಲಸದ ದಿನ ಮೊದಲೇ ಮುಗಿಸಿ. ಮನೆ ಬದಲಿಸಿದಾಗಲೆಲ್ಲ ಹೊಸದಾಗಿ ಮಾಡಬೇಕು. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದ ಅರ್ಜಿಯ ತಪಾಸಣೆಯಲ್ಲೂ ಅನುಕೂಲ.

ಸೆನೆದ್ ಮತ್ತು ಕೌನ್ಸಿಲ್‌ಗೆ 16 ತುಂಬಿದವರೂ ಮತ ಹಾಕಬಹುದು, ಮತಗಟ್ಟೆಯಲ್ಲಿ ಗುರುತಿನ ಚೀಟಿ ಬೇಡ. ಸೆನೆದ್ ಮತಪತ್ರದಲ್ಲಿ ಒಂದೇ ಗುರುತು, ಪಕ್ಷಕ್ಕೆ ಅಥವಾ ಪಕ್ಷೇತರರಿಗೆ. ಪಕ್ಷದ ಪಟ್ಟಿಯೊಳಗೆ ಇಷ್ಟವಾದವರನ್ನು ಆರಿಸುವ ಅವಕಾಶವಿಲ್ಲ, ಕ್ರಮ ಪಕ್ಷವೇ ಗೊತ್ತುಮಾಡಿರುತ್ತದೆ. ಲಂಡನ್ ಸಂಸತ್ತಿನ ಚುನಾವಣೆಗೆ ಮಾತ್ರ ಫೋಟೊ ಇರುವ ಗುರುತು ಬೇಕು. ಭಾರತದ ಪಾಸ್‌ಪೋರ್ಟ್ ಸಾಕು.